ನನ್ನ ‘ಅತ್ಯಂತ’ಗಳು ಹೋದದ್ದು

ಜಂಬವನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಬಣಕಲ್ಲಿನ ಸುತ್ತಮುತ್ತ ಯಾರಿಗೆ ಶಾಲು ಹೊದಿಸಿದರೂ ಆಗ ಓದುವ ಸನ್ಮಾನ ಪತ್ರ ನನ್ನದೇ. ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲಂತೂ ಈ ಕಸುಬು ಇನ್ನಷ್ಟು ಕುದುರಿದೆ. ನನ್ನ ಪತ್ರದಲ್ಲಿ ಯಾರೂ ಸುಮ್ಮನೆ ದುಡಿದವರಲ್ಲ. ‘ಅತ್ಯಂತ ಪ್ರಾಮಾಣಿಕವಾಗಿ, ಅವಿರತವಾಗಿ, ನಿಸ್ವಾರ್ಥವಾಗಿ’ ದುಡಿದವರು. ಒಮ್ಮೆ ಹಾರ ಹಾಕಿಸಿಕೊಂಡು ನಿಂತಿದ್ದ ಪೋಸ್ಟ್ ಮಾಸ್ಟರರೊಬ್ಬರು ಮೂರನೇ ಪುಟದ ಹೊತ್ತಿಗೆ ಕುರ್ಚಿ ಕೇಳಿದರು. ಭಾವುಕರಾದರು ಎಂದುಕೊಂಡು ನಾನು ದನಿ ಏರಿಸಿದೆ. ಆಮೇಲೆ ತಿಳಿಯಿತು, ಮಂಡಿನೋವಂತೆ.

ಹೀಗಿರುವಾಗ ಇಸ್ಮಾಯಿಲ್ ಸಾಹೇಬರ ಸರದಿ ಬಂತು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಗಳನ್ನು ತೋಟ ತೋಟಕ್ಕೆ ಹೋಗಿ ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್ ಅವರು. ವಯಸ್ಸಾಯಿತೆಂದು ಕೆಲಸ ಬಿಟ್ಟಾಗ ಬೆಳೆಗಾರರೆಲ್ಲ ಸೇರಿ ಸನ್ಮಾನ ಇಟ್ಟುಕೊಂಡರು. ನಾನು ಮೂರು ಪುಟ ಬರೆದು, ಮೆಚ್ಚುಗೆ ಗಿಟ್ಟಿಸಲೆಂದೇ ಅವರನ್ನು ಮನೆಗೆ ಕರೆದು ಓದಿ ಹೇಳಿದೆ. ಸಾಹೇಬರು ಕಾಫಿ ಲೋಟ ಕೆಳಗಿಟ್ಟರು.

“ಮೇಷ್ಟ್ರೇ, ಇದನ್ನ ಓದೋದಾದ್ರೆ ನಾನು ಸ್ಟೇಜ್ ಹತ್ತಲ್ಲ.”

“ಯಾಕೆ ಮಾರಾಯ್ರೆ? ಎಲ್ಲ ಹೊಗಳಿಕೆನೇ ಅಲ್ವಾ?”

“ಅದೇ ತೊಂದ್ರೆ. ಹಳೇ ಜೀಪ್ ಮಾರೋಕೆ ಬಂದವ್ನು ಇಂಜಿನ್ ಚೆನ್ನಾಗಿದೆ ಅಂದ್ರೆ ನಂಬ್ತೇನೆ. ನಿಜವಾಗ್ಲೂ ತುಂಬಾ ಚೆನ್ನಾಗಿದೆ ಅಂದ್ರೆ ಮೊದ್ಲು ಬಾನೆಟ್ ಎತ್ತಿ ನೋಡ್ತೇನೆ. ಎದುರು ಕೂತವ್ರು ನನ್ನ ಬಾನೆಟ್ ಎತ್ತೋದು ಬೇಡ.”

ನನಗೆ ಸಿಟ್ಟು ಬಂತು. ಅವರು ಹೋದ ಮೇಲೆ ಹಠಕ್ಕೆ ಬಿದ್ದು ಕೆಂಪು ಪೆನ್ನು ಹಿಡಿದೆ. ಮಕ್ಕಳ ತಪ್ಪಿಗೆ ಗೀಟು ಎಳೆದು ಪಳಗಿದ ಕೈ, ಈಗ ನನ್ನದೇ ಬರಹದ ಮೇಲೆ ಗೀಟು ಎಳೆಯತೊಡಗಿತು. ಹನ್ನೊಂದು ‘ಅತ್ಯಂತ’, ಒಂಬತ್ತು ‘ನಿಜಕ್ಕೂ’. ‘ಹೃತ್ಪೂರ್ವಕವಾಗಿ’ ಒಂದನ್ನಾದರೂ ಉಳಿಸಿಕೊಳ್ಳಲೇ ಎಂದು ಹೆಂಡತಿಯನ್ನು ಕೇಳಿದೆ. “ಮನಸ್ಸಿಲ್ದೆ ಯಾರಾದ್ರೂ ಸನ್ಮಾನ ಮಾಡ್ತಾರೇನ್ರೀ?” ಎಂದಳು. ಅದೂ ಹೋಯಿತು. ಎಲ್ಲ ಹೊಡೆದುಹಾಕಿ ನೋಡಿದರೆ, ಮೂರು ಪುಟದಲ್ಲಿ ಸಾಹೇಬರು ಮಾಡಿದ ಕೆಲಸ ಒಂದೂ ಇರಲಿಲ್ಲ. ಪೋಸ್ಟ್ ಮಾಸ್ಟರರಿಗೆ ಓದಿದ್ದನ್ನೇ ಹೆಸರು ಬದಲಿಸಿ ಓದಿದ್ದರೂ ನಡೆಯುತ್ತಿತ್ತು. ನಾಚಿಕೆಯಾಯಿತು. ತೋಟದವರನ್ನು ವಿಚಾರಿಸಿಕೊಂಡು ಹೊಸದಾಗಿ ಬರೆದೆ.

ಸಭೆಯಲ್ಲಿ ಓದಿದ್ದು ಅರ್ಧ ಪುಟ. “ಇವರು ಕೈಯಿಟ್ಟ ಪಲ್ಪರ್ ಆ ಕೊಯ್ಲು ಮುಗಿಯುವವರೆಗೆ ನಿಂತಿದ್ದಿಲ್ಲ. ಗಾಡಿ ಹೋಗದ ತೋಟಕ್ಕೆ ಸ್ಪ್ಯಾನರ್ ಚೀಲ ಹೊತ್ತು ನಡೆದೇ ಹೋದರು.” ಹಿಂದಿನ ಸಾಲಿನಲ್ಲಿದ್ದ ಬೆಳೆಗಾರರೊಬ್ಬರು, “ಹೌದು, ನಮ್ಮಲ್ಲಿಗೂ ಹಾಗೇ ಬಂದಿದ್ರು” ಎಂದರು. ಸಾಹೇಬರು ಹೊದ್ದ ಶಾಲಿನಿಂದಲೇ ಕಣ್ಣೊರೆಸಿಕೊಂಡರು. ನನ್ನ ಇಷ್ಟು ವರ್ಷಗಳ ಪತ್ರಗಳಿಗೆ ಒಬ್ಬರೂ ಅತ್ತಿರಲಿಲ್ಲ. ಎದೆ ಉಬ್ಬಿಸಿಕೊಂಡೇ ವೇದಿಕೆ ಇಳಿದೆ.

ಸಾಹೇಬರೂ ಇಳಿದು ಬಂದು ನನ್ನ ಕೈ ಹಿಡಿದು, “ಚೆನ್ನಾಗಿತ್ತು ಮೇಷ್ಟ್ರೇ” ಎಂದರು. ಇನ್ನೂ ಏನೋ ಹೇಳುತ್ತಾರೆಂದು ಕಾದೆ. ಅವರು ಊಟಕ್ಕೆ ಹೊರಟುಹೋದರು. ಬರೀ ಚೆನ್ನಾಗಿತ್ತೇ? ಒಂದು ‘ತುಂಬಾ’ ಸೇರಿಸಿದ್ದರೆ ಅವರ ಗಂಟೇನು ಹೋಗುತ್ತಿತ್ತು?