ಗೋಡೆಯಾಚೆಯ ಜೊತೆಗಾರ

ಆ ಸಂಜೆ ಪಕ್ಕದ ಮನೆಯ ದುದುಕ್ ಕೇಳಿಸಲಿಲ್ಲ. ಸೆಡ್ರಾಕ್ ಮುದುಕನ ಪೇಚಾಟಕ್ಕೆಲ್ಲ ಇದೇ ಮೂಲ.

ದುದುಕ್ ಒಂಟಿಯಾಗಿ ಊದುವ ವಾದ್ಯವಲ್ಲ. ಒಬ್ಬ ರಾಗ ನುಡಿಸಿದರೆ ಪಕ್ಕದಲ್ಲಿ ಇನ್ನೊಬ್ಬ ಕೆನ್ನೆ ಉಬ್ಬಿಸಿ, ಉಸಿರು ಕಡಿಯದಂತೆ ಒಂದೇ ಸ್ವರ ಹಿಡಿದು ಕೂತಿರಬೇಕು. ಸೆಡ್ರಾಕ್ ತನ್ನೂರು ಗ್ಯುಮ್ರಿಯ ಮದುವೆ, ಸಾವುಗಳಲ್ಲಿ ಆ ಒಂದು ಸ್ವರ ಹಿಡಿದೇ ಆಯುಷ್ಯ ಕಳೆದವನು. ರಾಗ ನುಡಿಸುತ್ತಿದ್ದ ಗೆಳೆಯ ತೀರಿಕೊಂಡ ಮೇಲೆ ಅವನನ್ನು ಯಾರೂ ಕರೆಯಲಿಲ್ಲ. ಬರಿಯ ಶ್ರುತಿಯನ್ನು ಕರೆದು ಯಾರು ಏನು ಮಾಡುತ್ತಾರೆ?

ಚಳಿಗಾಲದಲ್ಲಿ ಬಾಗ್ರತ್ ಎಂಬ ಯುವಕ ಪಕ್ಕದ ಮನೆಗೆ ಬಾಡಿಗೆಗೆ ಬಂದ. ದುದುಕ್ ಕಲಿಯುತ್ತಿದ್ದವನು, ಸಂಜೆ ಹೊತ್ತು ಒಬ್ಬನೇ ಊದುತ್ತಿದ್ದ. ಸೆಡ್ರಾಕ್‌ಗೆ ತಡೆಯಲಾಗಲಿಲ್ಲ. ತನ್ನ ದುದುಕ್ ತೆಗೆದು, ದಪ್ಪ ಕಲ್ಲಿನ ಗೋಡೆಗೆ ಒರಗಿ ಶ್ರುತಿ ಹಿಡಿದ. ಅಂದಿನಿಂದ ಇದೇ ನಡೆದಿತ್ತು. ಒಂದು ಮಾತೂ ಆಡಿರಲಿಲ್ಲ, ಆದರೂ ಲೋಕದಲ್ಲಿ ತನಗೊಬ್ಬ ಜೊತೆಗಾರನಿದ್ದಾನೆಂದು ಮುದುಕ ನಂಬಿದ್ದ.

ಇವತ್ತು ಸದ್ದೇ ಇಲ್ಲ. ಸೆಡ್ರಾಕ್ ಹೋಗಿ ಬಾಗಿಲು ತಟ್ಟಿದ. ಉತ್ತರವಿಲ್ಲ. ಮೇಲಿನ ಮಹಡಿಯ ವರ್ದುಶ್ ಇಳಿದು ಬಂದು, ಹುಡುಗ ನಿನ್ನೆಯೆಲ್ಲ ಕೆಮ್ಮುತ್ತಿದ್ದ ಎಂದಳು. ಅವಳ ಗಂಡ ಗ್ಯಾಸ್ ವಾಸನೆ ಬರುತ್ತಿದೆ ಎಂದ. ಬರುತ್ತಿದ್ದುದು ಅವರದೇ ಮನೆಯ ಬದನೆಕಾಯಿ ಸೀದ ವಾಸನೆ.

"ಒಡೀರಿ ಬಾಗ್ಲು," ಎಂದ ಸೆಡ್ರಾಕ್. "ಆಮೇಲಿನದ್ದು ನನ್ ತಲೆ ಮೇಲಿರ್ಲಿ."

ಬಾಗಿಲು ಮುರಿದು ಬಿತ್ತು. ಒಳಗೆ ಯಾರೂ ಇರಲಿಲ್ಲ. ಅಷ್ಟರಲ್ಲಿ ಕಂಕುಳಲ್ಲಿ ಲವಾಶ್ ರೊಟ್ಟಿ, ಕೈಯಲ್ಲಿ ದುದುಕ್ ಹಿಡಿದು ಬಾಗ್ರತ್ ಮೆಟ್ಟಿಲು ಹತ್ತಿ ಬಂದ. ತನ್ನ ಬಾಗಿಲು ಅಂಗಾತ ಮಲಗಿದ್ದು ಕಂಡು ಅಲ್ಲೇ ನಿಂತ.

"ನಿನ್ ದುದುಕ್ ಕೇಳ್ಸಲಿಲ್ಲ ಅಂತ ಈ ಅಣ್ಣ ಗಾಬರಿಯಾದ್ರು ಕಣಪ್ಪಾ," ಎಂದಳು ವರ್ದುಶ್.

"ಪಾರ್ಕಲ್ಲಿ ಊದಿ ಬಂದೆ. ಮನೇಲಿ ಆಗ್ತಿಲ್ಲ ತಾತ. ನಾನು ಶುರು ಮಾಡಿದ್ರೆ ಸಾಕು, ಗೋಡೆ ಒಳಗಿನ ನೀರಿನ ಪೈಪು ಗುಂಯ್ ಅನ್ನುತ್ತೆ. ನಾನು ನಿಲ್ಸಿದ್ರೆ ಅದೂ ನಿಲ್ಲುತ್ತೆ. ಹುಚ್ಚು ಹಿಡಿಯೋದೊಂದು ಬಾಕಿ. ನಿಮ್ಗೆ ಕೇಳ್ಸಲ್ವಾ?"

ಹೇಳಿಬಿಡಬೇಕು ಎಂದು ಸೆಡ್ರಾಕ್ ಬಾಯಿ ತೆರೆದ. ಅಷ್ಟರಲ್ಲಿ ವರ್ದುಶಳ ಗಂಡ, ತಮಗೂ ಆ ದರಿದ್ರ ಸದ್ದು ಕೇಳಿಸುತ್ತದೆಂದೂ ಅಂಥ ಹಳೇ ಪೈಪನ್ನು ಕಿತ್ತು ಬಿಸಾಕಬೇಕೆಂದೂ ಹೇಳಿ ಮುಗಿಸಿದ್ದ.

"ಕೇಳ್ಸುತ್ತೆ," ಎಂದ ಸೆಡ್ರಾಕ್. "ಅದು ನಮ್ಮನೆ ಪೈಪೇ. ಸರಿ ಮಾಡಿಸ್ತೀನಿ. ನೀನು ಮನೇಲೇ ಊದಪ್ಪಾ."

ಮರುದಿನ ಸಂಜೆ ದುದುಕ್ ಮತ್ತೆ ಶುರುವಾಯಿತು. ಸೆಡ್ರಾಕ್ ತನ್ನದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಕೆನ್ನೆ ತಾನಾಗಿಯೇ ಉಬ್ಬಿತು. ಅವನು ತುಟಿ ಬಿಗಿಹಿಡಿದ. ಹೆಂಡತಿ ಸತ್ತ ದಿನವೂ ಅವನಿಗೆ ಇಷ್ಟು ಒಂಟಿ ಅನ್ನಿಸಿರಲಿಲ್ಲ.

ರಾಗ ನಡುವೆ ನಿಂತಿತು. ಆ ಕಡೆಯಿಂದ ಗೋಡೆ ತಟ್ಟಿದ ಸದ್ದಾಯಿತು, ಹಿಂದೆಯೇ ಬಾಗ್ರತ್‌ನ ಕೂಗು.

"ತಾತ, ಪೈಪು ಸುಮ್ನಾಗಿದೆ. ದೇವ್ರು ನಿಮ್ಗೆ ಒಳ್ಳೇದು ಮಾಡ್ಲಿ."

ಆ ಗೋಡೆಯ ಮೂಲಕ ಅವನನ್ನು ಯಾರಾದರೂ ಮಾತಾಡಿಸಿದ್ದು ಅದೇ ಮೊದಲು. ಮಾತಾಡಿಸಿದ್ದು, ಅವನು ಸುಮ್ಮನಾದನೆಂದು.