ಕುಂಬಾರ ಹುಳದ ಸಾಕ್ಷಿ

ಕಮಲಾಬಾಯಿಯವರಿಗೆ ಬೈಲಹೊಂಗಲದ ಹೆಂಗಸರ ಮೇಲೆ ಇದ್ದದ್ದು ಒಂದೇ ತಕರಾರು: ಅವರು ಯಾವುದಕ್ಕೂ ಎದುರಾಡುವುದಿಲ್ಲ. ಮೂವತ್ತೆರಡು ವರ್ಷ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದ ಮೇಲೆ ಅವರು ತಿಂಗಳಿಗೆರಡು ಶನಿವಾರ ಮಹಿಳಾ ಮಂಡಳದಲ್ಲಿ ದಿನನಿತ್ಯದ ವಿಜ್ಞಾನ ಹೇಳುತ್ತಿದ್ದರು. ಹಾಲು ಉಕ್ಕುವುದೇಕೆ, ಜೋಳದ ಹಿಟ್ಟಿಗೆ ಕುದಿಯುವ ನೀರೇ ಏಕೆ ಬೇಕು, ಹುಣಸೆಹಣ್ಣು ಹಿತ್ತಾಳೆಯನ್ನು ಹೇಗೆ ಬೆಳಗುತ್ತದೆ. ಎಲ್ಲದಕ್ಕೂ ಹನ್ನೆರಡು ಹೆಂಗಸರು (ಚಹಾ ಇದ್ದ ದಿನ ಇಪ್ಪತ್ತು) “ಹೌದ್ರಿ ಬಾಯಾರ, ಖರೇ ಐತ್ರಿ” ಎಂದು ತಲೆಯಾಡಿಸುತ್ತಿದ್ದರು. ಗ್ರಹಣವೆಂದರೆ ಬರಿಯ ನೆರಳು ಎಂದು ನಿಂಬೆಹಣ್ಣು ಹಿಡಿದು ತೋರಿಸಿದಾಗಲೂ ಹೌದೆಂದರು. ಹದಿನೈದು ದಿನಕ್ಕೆ ಗ್ರಹಣ ಬಂತು. ಹನ್ನೆರಡೂ ಮನೆಗಳಲ್ಲಿ ಕೊಡದ ನೀರು ಚೆಲ್ಲಿದರು. ಕೇಳಿದರೆ, “ನೀವ ಹೇಳಿದ್ದೂ ಖರೇರಿ. ಇದೂ ಒಂದ ಇರ್ಲಿ ಅಂತ.”

‘ಇದೂ ಒಂದು ಇರಲಿ’ ಎಂಬ ವಾದವನ್ನು ಸೋಲಿಸುವ ವಿಜ್ಞಾನ ಇನ್ನೂ ಹುಟ್ಟಿಲ್ಲ. ವಿರೋಧಿಸುವವರನ್ನು ಒಪ್ಪಿಸಬಹುದು, ಮೊದಲೇ ಒಪ್ಪಿದವರನ್ನು ಏನು ಮಾಡುವುದು? ಕಮಲಾಬಾಯಿಯವರಿಗೆ ಒಂದು ಪುರಾವೆ ಬೇಕಿತ್ತು, ಅದೂ ಕಣ್ಣಿಗೆ ಕಾಣುವಂಥದ್ದು. ಒಮ್ಮೆಯಾದರೂ ಈ ಹೆಂಗಸರು ಬಾಯಾರ ಮಾತನ್ನು ಖರೇ ಅಂದರೆ ಖರೇ ಎಂದು ನಂಬಬೇಕಿತ್ತು.

ಆ ಪುರಾವೆ ಫೆಬ್ರುವರಿಯ ಒಂದು ಬೆಳಿಗ್ಗೆ ತಾನಾಗಿ ಹಾರಿ ಬಂತು. ನಡುಮನೆಯ ಕಪಾಟಿನ ಬದಿಗೆ ಕುಂಬಾರ ಹುಳವೊಂದು ಹಸಿಮಣ್ಣಿನ ಉಂಡೆ ತಂದು ಅಂಟಿಸತೊಡಗಿತು. ಕೆಲಸದ ಲಗಮವ್ವ ಕಸಬರಿಗೆ ಕೆಳಗಿಟ್ಟು ಗಲ್ಲಕ್ಕೆ ಕೈ ಹಚ್ಚಿದಳು.

“ಬಾಯಾರ, ಕುಂಬಾರ ಹುಳ ಗೂಡ ಕಟ್ಟಾಕ ಹತ್ತೈತ್ರಿ! ಈ ಮನ್ಯಾಗ ಯಾರೋ ಬಸರಿ ಅದಾರ. ತೊಟ್ಟಲಾ ತೂಗತೈತಿ ನೋಡ್ರಿ.”

“ಯಾರ ತೊಟ್ಟಲಾ?” ಎಂದರು ಕಮಲಾಬಾಯಿ. “ಮನ್ಯಾಗ ಹೆಂಗಸರು ಇಬ್ಬರು. ನನಗ ಅರವತ್ತೆಂಟು. ಸೊಸಿ ಸುಚೇತಾ ಬ್ಯಾಂಕಿನ ಪರೀಕ್ಷಾಕ್ಕ ಓದಲಿಕ್ಕೆ ಹತ್ಯಾಳ.”

“ಹುಳಕ್ಕ ನಿನ್ನ ವಯಸ್ಸು ಗೊತ್ತಿರಲಿಕ್ಕಿಲ್ಲ, ಕಮಲಾ,” ಎಂದರು ಪೇಪರಿನ ಹಿಂದಿನಿಂದ ಕೃಷ್ಣಾಜಿ. ನಲವತ್ತು ವರ್ಷದ ಸಂಸಾರದಲ್ಲಿ ಅವರು ಪೇಪರು ಇಳಿಸಿ ಮಾತಾಡಿದ್ದು ಕಡಿಮೆ. ಅದು ಅವರ ಗುರಾಣಿ.

ಕಮಲಾಬಾಯಿಯವರ ಕಣ್ಣು ಮಿಂಚಿತು. ಗೂಡು ಕಟ್ಟಿದ ಮನೆಯಲ್ಲಿ ಬಸುರಿ ಇದ್ದೇ ಇರುತ್ತಾಳೆ ಎಂಬುದು ಊರ ನಂಬಿಕೆ. ಇಲ್ಲಿ ಗೂಡಿದೆ, ಬಸುರಿಯಿಲ್ಲ. ನಂಬಿಕೆಯ ಬುಡಕ್ಕೆ ಇದೊಂದೇ ಏಟು ಸಾಕು. ಅಂದಿನಿಂದ ‘ಕುಂಬಾರ ಹುಳದ ಗೃಹನಿರ್ಮಾಣ ಮಹಾವಲೋಕನ’ ಶುರುವಾಯಿತು. ಕಪಾಟಿನ ಮುಂದೆ ಕುರ್ಚಿ ಬಂತು, ಭೂತಗನ್ನಡಿ ಬಂತು, ಫ್ಯಾನು ನಿಂತಿತು.

ಹುಳದ ಕೆಲಸ ನೋಡುವಂಥದ್ದೇ. ಪುಟ್ಟ ಮಡಿಕೆಯಂಥ ಕೋಣೆ ಕಟ್ಟಿ, ಒಳಗೆ ಎಳೆಯೊಂದಕ್ಕೆ ತೂಗುಬಿಟ್ಟಂತೆ ಒಂದೇ ಮೊಟ್ಟೆ ಇಡುತ್ತದೆ. ಆಮೇಲೆ ಹಸಿರು ಹುಳಗಳನ್ನು ಹಿಡಿದು, ಚುಚ್ಚಿ ಮರಗಟ್ಟಿಸಿ, ತಂದು ತುಂಬುತ್ತದೆ. ಕೊಲ್ಲುವುದಿಲ್ಲ, ಕೊಂದರೆ ಕೊಳೆಯುತ್ತವೆ, ಮರಿಗೆ ತಾಜಾ ಊಟ ಸಿಗುವುದಿಲ್ಲ. ಕೊನೆಗೆ ಬಾಗಿಲಿಗೆ ಮಣ್ಣು ಮೆತ್ತಿ ಹೋಗಿಬಿಡುತ್ತದೆ. ಮರಿಯ ಮುಖವನ್ನೂ ನೋಡುವುದಿಲ್ಲ. ಕಮಲಾಬಾಯಿಯವರಿಗೆ ಈ ತಾಯಿಯ ಮೇಲೆ ಗೌರವ ಹುಟ್ಟಿತು. ಸೀಮಂತವಿಲ್ಲ, ಬಾಣಂತನವಿಲ್ಲ, ಹೆಸರಿಡಲು ನಾಲ್ಕು ಅತ್ತೆಯರ ಜಗಳವಿಲ್ಲ.

ಮೂರನೆಯ ದಿನ ಸೊಸೆ ಬಂದು ಹಿಂದೆ ನಿಂತಳು. “ಅತ್ಯಾರ, ನಿಮಗೊಂದು ಮಾತು ಹೇಳೋದಿತ್ತರಿ.”

“ಹೇಳು. ಅಲ್ಲ, ನಿಲ್ಲು. ಹುಳ ಒಳಗದ, ಸಪ್ಪಳಾ ಮಾಡಬ್ಯಾಡ.”

ಸುಚೇತಾ ನಿಂತಳು. ಹುಳ ಹೋಗಿ ಬಂದು, ಹೋಗಿ ಬಂದು ಮಾಡಿತು. ಅರ್ಧ ತಾಸಿನ ಮೇಲೆ ಕಮಲಾಬಾಯಿ ತಿರುಗಿ ನೋಡಿದಾಗ ಸೊಸೆ ಇರಲಿಲ್ಲ.

ಮುಂದಿನ ವಾರ ಬೆಳ್ಳುಳ್ಳಿ ಒಗ್ಗರಣೆ ಚಟಗುಟ್ಟಿದ್ದೇ ತಡ, ಸುಚೇತಾ ಬಾಯಿಗೆ ಸೆರಗು ಒತ್ತಿ ಹಿತ್ತಲಿಗೆ ಓಡಿದಳು. ತಿರುಗಿ ಬಂದು, “ಅತ್ಯಾರ, ಅದು ಏನಂದ್ರ...” ಎನ್ನುವಷ್ಟರಲ್ಲಿ ಕಮಲಾಬಾಯಿ ಕಾರಣ ಕಂಡುಹಿಡಿದಿದ್ದರು. “ಎಣ್ಣಿ ಕೆಟ್ಟದ. ಗಾಳಿ ತಾಗಿದ ಎಣ್ಣಿ ಹಳಸತದ, ಮೂಗು ಅದನ್ನ ನಾಲಿಗಿಗಿಂತ ಮೊದಲ ಹಿಡೀತದ.” ಹದಿನೈದು ಕಿಲೋ ಡಬ್ಬಿ ಅಂದೇ ಲಗಮವ್ವನ ಮನೆ ಸೇರಿತು. (ಲಗಮವ್ವ ಆ ಎಣ್ಣೆಯಲ್ಲಿ ವಾರವಿಡೀ ಭಜಿ ಕರಿದಳು, ಯಾರ ಮೂಗೂ ದೂರಲಿಲ್ಲ.)

ಆಮೇಲೊಂದು ಮಧ್ಯಾಹ್ನ ಸೊಸೆ ಹುಣಸೆಹಣ್ಣಿನ ಭರಣಿಯ ಮುಂದೆ ನಿಂತು ಚೀಪುವುದು ಕಂಡಿತು. ಅತ್ತೆಯನ್ನು ಕಂಡು ಅವಳು ಹತ್ತಿರ ಬಂದು ಬಾಯಿ ತೆರೆಯುವಷ್ಟರಲ್ಲಿ, “ಬ್ಯಾಸಗಿ ಬಂತು,” ಎಂದರು ಕಮಲಾಬಾಯಿ. “ಹುಳಿ ತಿಂದರ ಬಾಯಾಗ ಜೊಲ್ಲು ಬರತದ, ನೀರಡಿಕಿ ಕಡಿಮಿ ಆಗತದ. ದೇಹಕ್ಕ ತನಗ ಬೇಕಾದ್ದು ಗೊತ್ತಿರತದ, ಸುಚೇತಾ.”

“ಹೌದ್ರಿ,” ಎಂದಳು ಸೊಸೆ ಸೋತ ದನಿಯಲ್ಲಿ. ಪೇಪರಿನ ಹಿಂದೆ ಯಾರೋ ಕೆಮ್ಮಿದರು.

ಶುಕ್ರವಾರ ಆ ಪೇಪರು ಕೆಳಗಿಳಿಯಿತು. “ಕಮಲಾ, ನಾಳಿನ ಉಪನ್ಯಾಸದಾಗ ಮನೀ ಸುದ್ದಿ ತರಬ್ಯಾಡ.”

“ಪುರಾವೆ ಮನ್ಯಾಗ ಇಟ್ಟು ನಾ ಅಲ್ಲಿ ಏನು ತೋರಿಸಲಿ?”

“ಸುಚೇತಾನ ಜೋಡಿ ಒಮ್ಮೆ ಕೂತು ಮಾತಾಡು.”

“ರವಿವಾರ ಮಾತಾಡತೇನಿ. ಇವತ್ತ ಬರೆಯೋದದ.”

ಪೇಪರು ಮತ್ತೆ ಮೇಲೇರಿತು.

ಶನಿವಾರ ಮಂಡಳದಲ್ಲಿ ಐವತ್ತು ಹೆಂಗಸರು. ಗೂಡಿನ ವಿಷಯ ಓಣಿಯಲ್ಲೆಲ್ಲ ಲಗಮವ್ವನ ಬಾಯಿಂದ ಹರಡಿತ್ತು. ಮುರಗೋಡದಿಂದ ತಪ್ಪದೆ ಬಸ್ಸು ಹತ್ತಿ ಬರುವ ಗುರುಬಸವ್ವ ಕೊನೆಯ ಸಾಲಿನಲ್ಲಿದ್ದಳು. ಕಮಲಾಬಾಯಿ ಹುಳದ ಬದುಕನ್ನು ಸೊಗಸಾಗಿ ಹೇಳಿದರು. ಅದಕ್ಕೆ ಬೇಕಾದ್ದು ಮಳೆ ತಾಗದ ಗೋಡೆ ಮತ್ತು ಹತ್ತಿರದ ಕೆಸರು, ಮನೆಯವರ ಗುಟ್ಟಲ್ಲ ಎಂದರು. ಆಮೇಲೆ ಮೈಕಿನಲ್ಲಿ ದನಿ ಏರಿಸಿದರು.

“ಜೋಳ ಎಲ್ಲಾ ಬಿಳೇದ ಇರತಾವ ಅಂದವರಿಗೆ ಒಂದ ಕೆಂಪು ಕಾಳು ತೋರಿಸಿದರ ಸಾಕು. ಆ ಕೆಂಪು ಕಾಳು ನಮ್ಮ ಮನಿ! ಗೂಡು ಕಟ್ಟಿ ಇಪ್ಪತ್ತಾರು ದಿನಾ ಆತು. ಬಸರಿ ಯಾರೂ ಇಲ್ಲ. ನನ್ನ ಮಾತು ಬ್ಯಾಡ, ಸೊಸಿ ಇಲ್ಲೇ ಕೂತಾಳ. ಸುಚೇತಾ, ಎದ್ದು ನಿಂತು ಹೇಳು ಇವರಿಗೆ.”

ಸುಚೇತಾ ಎದ್ದಳು. ಫ್ಯಾನು ನೋಡಿದಳು, ಲಗಮವ್ವನನ್ನು ನೋಡಿದಳು, ಕೊನೆಗೆ ಅತ್ತೆಯನ್ನು ನೋಡಿದಳು.

“ಅತ್ಯಾರ... ಎರಡೂವರಿ ತಿಂಗಳರಿ.”

ಮರುಕ್ಷಣ ಚಪ್ಪಾಳೆ! ನಾಲ್ಕು ವರ್ಷದ ವಿಜ್ಞಾನಪ್ರಸಾರದಲ್ಲಿ ಅವರಿಗೆ ಸಿಕ್ಕ ಮೊದಲ ಚಪ್ಪಾಳೆ.

“ತಡೀರಿ!” ಕಮಲಾಬಾಯಿ ಟೇಬಲ್ಲು ಗುದ್ದಿದರು. “ಎರಡೂವರಿ ತಿಂಗಳು ಅಂದ್ರ ಎಪ್ಪತ್ತೈದು ದಿನಾ. ಗೂಡು ಇಪ್ಪತ್ತಾರು ದಿನದ್ದು. ಹುಳ ತಡಾ ಮಾಡಿ ಬಂದದ!”

“ತಡಾ ಆದ್ರೂ ಹುಳಕ್ಕ ತಿಳದಿತ್ತಲ್ರಿ ಬಾಯಾರ,” ಎಂದಳು ಹಿಂದಿನಿಂದ ಗುರುಬಸವ್ವ. “ನಿಮಗ ಇವತ್ತ ತಿಳೀತು.”

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದರು. “ನನಗ ಯಾಕ ಹೇಳಲಿಲ್ಲ?”

“ಮೂರು ಸಲ ಬಂದೆನ್ರಿ,” ಎಂದಳು ಸುಚೇತಾ. “ಒಮ್ಮೆ ಹುಳ ಒಳಗಿತ್ತು. ಒಮ್ಮೆ ಎಣ್ಣಿ ಕೆಟ್ಟಿತ್ತು. ಒಮ್ಮೆ ಬ್ಯಾಸಗಿ ಬಂದಿತ್ತು.”

“ನಿಮಗ ಗೊತ್ತಿತ್ತೇನು?” ಎಂದು ಗಂಡನ ಕಡೆ ತಿರುಗಿದರು.

“ಗೊತ್ತಿತ್ತು. ನಿನ್ನ ಮಗ ಅಭಿಜಿತಗೂ ಗೊತ್ತು, ಲಗಮವ್ವಗೂ ಗೊತ್ತು. ನಿನಗ ತಾನ ಹೇಳತೇನಿ ಅಂದಿದ್ಲು ಆಕಿ.”

ಕಮಲಾಬಾಯಿ ಕಪಾಟಿನ ಮುಂದಿನ ಕುರ್ಚಿಯಲ್ಲಿ ಕುಳಿತರು. ನೋಡುವುದೆಂದರೆ ಮೊದಲೇ ಗೊತ್ತಿರುವುದನ್ನು ಕಣ್ಣಿಂದ ತೆಗೆದಿಡುವುದು ಎಂದು ಮೂವತ್ತೆರಡು ವರ್ಷ ಹುಡುಗರಿಗೆ ಹೇಳಿದ್ದರು. ಹುಳ ತಂದ ಮಣ್ಣಿನ ಉಂಡೆಗಳನ್ನು ಒಂದೂ ಬಿಡದೆ ಎಣಿಸಿದ್ದರು. ಆರು ಅಡಿ ದೂರದಲ್ಲಿದ್ದ ಹುಡುಗಿಗೆ ಬರೀ ಕಾರಣ ಕೊಟ್ಟಿದ್ದರು. ಎದ್ದು ಅಡುಗೆಮನೆಗೆ ಹೋಗಿ ಕೇಳಿದರು: “ಡಾಕ್ಟರ ಕೊಟ್ಟ ಗುಳಿಗಿ ದಿನಾ ತಗೋತೀಯೇನು?”

“ತಗೋತೇನ್ರಿ.”

“ಛಲೋ. ಈಗ ಕೂಡು. ನೀ ಮಾತಾಡು, ನಾ ಕೇಳತೇನಿ.”

ಸೋಮವಾರ ಬೆಳಿಗ್ಗೆ ಗುರುಬಸವ್ವ ಬಾಗಿಲಲ್ಲಿದ್ದಳು. “ಬಾಯಾರ, ನಮ್ಮ ಮನ್ಯಾಗೂ ಹುಳ ಗೂಡ ಕಟ್ಟೇತ್ರಿ. ಸೊಸಿ ಬಂದು ನಾಕ ವರ್ಷ ಆತು. ನೀವ ಬಂದು ಆ ಮಾತ ಅನ್ನಬೇಕ್ರಿ.”

“ಯಾವ ಮಾತು?”

“ಅದರೀ, ಬಸರಿ ಯಾರೂ ಇಲ್ಲ ಅಂತ. ನಿಮ್ಮನ್ಯಾಗ ಗೂಡ ಇಪ್ಪತ್ತಾರ ದಿನಾ ಸುಮ್ನ ಇತ್ತು. ನೀವ ಮೈಕಿನ್ಯಾಗ ಇಲ್ಲ ಅಂದ ಕೂಡಲೆ ಹೊರಬಿತ್ತು!”

ಬೇಡವೆನ್ನಲು ಬಾಯಿ ತೆರೆದವರು ತಡೆದರು. ವಿವರಿಸಲು ಮನೆಗೇ ಕರೆದವರು ಇವಳೊಬ್ಬಳೇ. ಮುರಗೋಡಕ್ಕೆ ಹೋದರು. ಗೂಡಿನ ಮುಂದೆ ಓಣಿಯ ಒಂಬತ್ತು ಹೆಂಗಸರು ತಲೆಯ ಮೇಲೆ ಸೆರಗು ಹೊದ್ದು ಕುಳಿತಿದ್ದರು. ಕಮಲಾಬಾಯಿ ಏನನ್ನೂ ಬಿಡಲಿಲ್ಲ. ಗೂಡಿಗೂ ಬಸುರಿಗೂ ಸಂಬಂಧವಿಲ್ಲ ಎಂದರು. ನಾಲ್ಕು ವರ್ಷವಾಗಿದ್ದರೆ ಗಂಡ ಹೆಂಡತಿ ಇಬ್ಬರೂ ಡಾಕ್ಟರ ಹತ್ತಿರ ಹೋಗಬೇಕು, ಬರೀ ಸೊಸೆಯಲ್ಲ ಎಂದರು. ಕಡೆಗೆ ಗೂಡಿನತ್ತ ಬೆರಳು ತೋರಿಸಿ ಗುಡುಗಿದರು: “ಈ ಹುಳದಿಂದ ಈ ಮನ್ಯಾಗ ಯಾರೂ ಬಸರಿ ಆಗೂದಿಲ್ಲ!”

ಗುರುಬಸವ್ವ ಕಣ್ಣು ಮುಚ್ಚಿ ಕೈ ಮುಗಿದಳು. ತೆಂಗಿನಕಾಯಿ, ಕುಪ್ಪಸದ ಕಣ ತಂದು ಅವರ ಉಡಿಗೆ ಹಾಕಿದಳು. ಆಮೇಲೆ ಮೆಲ್ಲಗೆ ಅಂದಳು:

“ಬಾಯಾರ, ಸಿಟ್ಟಾಗಬ್ಯಾಡ್ರಿ, ಇನ್ನೊಮ್ಮೆ ಅನ್ರಿ. ಸೊಸಿ ಒಳಗ ಚಾ ಕಾಸಾಕ ಹತ್ತಿದ್ಲು, ಆಕಿಗೆ ಕೇಳಿಸಿಲ್ಲ.”