ಹೊಸ್ತಿಲ ಮೇಲಿನ ಒಡೆಯದ ಅಂಕಿ

ದೆವ್ವ ನಂಬದವನನ್ನೇ ದೆವ್ವ ಹುಡುಕಿಕೊಂಡು ಬರುತ್ತದಂತೆ. ಗಣಿತ ಕಲಿಸಿ ನಿವೃತ್ತನಾದ ನನ್ನ ಬೆನ್ನು ಹತ್ತಿದ್ದು ಒಂದು ಅಂಕಿ. ಮೊದಲು ಒಂದು, ಹದಿಮೂರು ಸೊನ್ನೆ, ನಡುವೆ ಮೂರು ಆರು, ಮತ್ತೆ ಹದಿಮೂರು ಸೊನ್ನೆ, ಕೊನೆಗೊಂದು ಒಂದು. ಎಡದಿಂದ ಓದಿದರೂ ಬಲದಿಂದ ಓದಿದರೂ ಅದೇ. ಒಂದು ಮತ್ತು ತಾನು ಬಿಟ್ಟರೆ ಯಾವ ಸಂಖ್ಯೆಗೂ ಬಗ್ಗದ ಅವಿಭಾಜ್ಯ. ಏನು ಚೆಲುವು ಅಂತೀರಿ!

ಸಿಂಧನೂರಿನ ಕರಿಹಲಗೆ

ನೌಕರಿಯಲ್ಲಿದ್ದಾಗ ಒಮ್ಮೆ ಕಾಲೇಜಿನಲ್ಲಿ ಅದನ್ನು ಹಲಗೆಯ ಮೇಲೆ ಬರೆದು, "ಹದಿಮೂರು ಅಪಶಕುನ, ಮೂರು ಆರು ಸೈತಾನನ ಗುರುತು ಅಂತ ಪರದೇಶದಾಗ ಅಂಜತಾರ" ಅಂದೆ. ಅಂದ ಗಳಿಗೆಗೇ ಕರೆಂಟ್ ಹೋಯಿತು. ಫ್ಯಾನು ಕಿರುಗುಟ್ಟಿ ನಿಂತಿತು. ಕ್ಲಾಸೆಲ್ಲ ಉಸಿರು ಬಿಗಿಹಿಡಿಯಿತು. ಹಿಂದಿನ ಬೆಂಚಿನಿಂದ ಒಬ್ಬ ಮೆಲ್ಲಗೆ, "ಅಂಜಬ್ಯಾಡ್ರಿ ಸರ್, ಇದು ಪರದೇಶದ್ದಲ್ಲ. ನಮ್ಮ ಲೈನ್‌ಮನ್ ದೆವ್ವ. ದಿನಾ ಇದೇ ಹೊತ್ತಿಗೆ ಬರತೈತಿ!"

ಲಿಂಗಸುಗೂರಿನ ಧೂಳು

ಬೀಗರ ಮನೆಗೆ ಹೋದಾಗ ಹೊತ್ತು ಹೋಗದೆ ಅಂಗಳದ ಧೂಳಿನಲ್ಲಿ ಕೋಲಿನಿಂದ ಅದೇ ಅಂಕಿ ಗೀಚಿದೆ. ಮಧ್ಯಾಹ್ನ ಮಲಗಿ ಎದ್ದು ನೋಡಿದರೆ ಮೂರು ಆರರ ಮೇಲೆ ಕೊಯ್ದ ಲಿಂಬೆಹಣ್ಣು, ಕುಂಕುಮ. ಓಣಿ ಬಿಕೋ ಅನ್ನುತ್ತಿತ್ತು. ಎದುರಿನ ಕಿಟಕಿ ಕಿರ್ರನೆ ಮುಚ್ಚಿಕೊಂಡಿತು. "ಯಾರೋ ಮಾಟ ಮಾಡ್ಯಾರ್ರೀ, ದಾಟಬ್ಯಾಡ್ರಿ" ಎಂದು ಬೀಗರು ಪಿಸುಗುಟ್ಟಿದರು. ಅಂಕಿ ಬರೆದವನು ನಾನೇ, ಅದನ್ನು ಕಂಡು ಅಂಜಿದವರು ಲಿಂಬೆ ಇಟ್ಟಿರಬೇಕು ಎಂಬ ಮಾತನ್ನು ನುಂಗಿಕೊಂಡೆ. ಗೋಡೆ ಹಿಡಿದು, ಸುತ್ತು ಹಾಕಿ ಹೋದೆ. ನಾನೂ!

ಮಸ್ಕಿಯ ಹೊಸ್ತಿಲು

ಇದನ್ನು ನಮ್ಮ ಓಣಿಯಲ್ಲಿ ನಗುತ್ತ ಹೇಳಿದರೆ ಪಕ್ಕದ ಮನೆಯ ಅಜ್ಜಿ ನಗಲಿಲ್ಲ. "ಆ ಅಂಕಿ ಯಾತರಿಂದಲೂ ಒಡಿಯಂಗಿಲ್ಲೇನ್ರಿ ಸರ?" ಎಂದಳು. ಅವಳ ಇಬ್ಬರು ಗಂಡುಮಕ್ಕಳು ಮನೆ ಪಾಲು ಮಾಡಿಕೊಳ್ಳಲು ಸೋಮವಾರ ಹಿರಿಯರನ್ನು ಕರೆಸಿದ್ದರು. "ನಮ್ಮ ಹೊಸ್ತಿಲ ಮ್ಯಾಲ ಬರದುಕೊಡ್ರಿ. ನನ್ನ ಜೀವ ಇರೋತನ ಮನಿ ಒಡೀಬಾರದು."

ಹೊರಗೆ ಕೂತು, ಬಿಳಿ ಪೇಂಟಿನಲ್ಲಿ, ಇಂಗ್ಲಿಷ್ ಅಂಕಿಗಳಲ್ಲಿ ಬರೆದೆ. ಅವತ್ತಿನಿಂದ ಆ ಮನೆಯಲ್ಲಿ ಸದ್ದೇ ಇಲ್ಲ. ಜಗಳ ನಿಂತಿತು. ಮೊಮ್ಮಕ್ಕಳು ಹೊಸ್ತಿಲು ಹಾರಿ ಓಡಾಡಿದವು. ನಾಯಿ ಒಳಗೆ ಬರಲೊಲ್ಲದೆ ಹೊರಗೇ ಊಳಿಟ್ಟಿತು.

ಸೋಮವಾರ ಬೆಳಿಗ್ಗೆ ಆ ಮನೆಯ ಕಿರಿ ಸೊಸೆ, ನನ್ನ ಹಳೆಯ ವಿದ್ಯಾರ್ಥಿನಿ, ನನ್ನನ್ನು ಕರೆದಳು. "ಸರ್, ಒಳಗ ನಿಂತು ಓದ್ರಿ."

ಓದಿದೆ. ಮೈ ಜುಮ್ಮೆಂದಿತು. ಒಳಗಿನಿಂದ ತಲೆಕೆಳಗಾಗಿ ಆರೆಲ್ಲ ಒಂಬತ್ತಾಗಿದ್ದವು!

"ನೀವೇ ಕಲಿಸೀರಲ್ರೀ, ಒಂದು ಬಿಟ್ಟೊಂದು ಅಂಕಿ ಕೂಡಿಸಿ, ಉಳಿದಿದ್ದನ್ನ ಕಳೀರಿ."

ತುದಿಯ ಎರಡು ಒಂದು, ಎರಡು ಒಂಬತ್ತು ಸೇರಿ ಇಪ್ಪತ್ತು; ಅದರಲ್ಲಿ ನಟ್ಟನಡುವಿನ ಒಂಬತ್ತು ಹೋದರೆ ಹನ್ನೊಂದು. ಅಂದರೆ ಹನ್ನೊಂದಕ್ಕೆ ಅದು ಸರಿಯಾಗಿ ಒಡೆಯುತ್ತದೆ!

"ಮನ್ಯಾಗ ಎಷ್ಟು ಮಂದಿ ಅದೀರವ್ವ?" ಎಂದೆ.

"ಹನ್ನೊಂದ್ರಿ."

ಅಜ್ಜಿ ಅತ್ತಾಳು ಅಂದುಕೊಂಡೆ. ಅವಳು ಹೊರಗೊಮ್ಮೆ, ಒಳಗೊಮ್ಮೆ ನಿಂತು ನೋಡಿ ಕಿಸಕ್ಕನೆ ನಕ್ಕಳು. "ಹೊರಗಿನವರಿಗೆ ಒಂದೇ ಮನಿ, ಒಳಗ ಹನ್ನೊಂದು ಪಾಲು! ನಮ್ಮನಿ ಇದ್ದಂಗ ಬರದೀರಿ ಸರ. ಅಳಸಬ್ಯಾಡ್ರಿ. ಹಿರಿಯರನ್ನ ಒಳಗ ಬಿಟ್ಟರ ತಾನೆ ಪಾಲು ಕಾಣೋದು? ಹೊರಗ ಕಟ್ಟಿ ಮ್ಯಾಲ ಕುಂದ್ರಸಿ, ಚಾ ಕುಡಿಸಿ ಕಳಸ್ತೀನಿ!"